ಮನೆಗೆ ಬಂದು ಸಾಮಾನು ಒಯ್ಯುವ ಗಿರಾಕಿ: ಕ್ಯಾಷ್ ತಗೊಳ್ಳೋದಾ, ಯುಪಿಐ ಸಾಕಾ, ಬ್ಯಾಂಕಿಗೇ ಹಾಕಿಸೋದಾ?

ಕೊಯ್ಲು ಮುಗಿದ ಮೇಲೆ ಬೇಡವಾದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್), ಮೂಲೆಗೆ ಬಿದ್ದ ಕಳೆ ಹೊಡೆಯುವ ಮಿಷನ್, ಮಗಳು ಹೊಸದು ತಗೊಂಡಿದ್ದಕ್ಕೆ ಉಳಿದುಹೋದ ಲ್ಯಾಪ್‌ಟಾಪ್, ಅಪ್ಪ ಓಡಿಸುತ್ತಿದ್ದ ಬುಲೆಟ್. ಹಾಸನ, ಚಿಕ್ಕಮಗಳೂರು ಕಡೆಯಿಂದ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ವಾಟ್ಸಾಪ್ ಗುಂಪುಗಳಲ್ಲಿ ಮಾರಾಟಕ್ಕೆ ಬರುವುದು ಹೆಚ್ಚಾಗಿ ಇಂಥವೇ. ಕೊರಿಯರ್ ಮಾಡುವಂಥ ಸಾಮಾನಲ್ಲ. ಗಿರಾಕಿ ಬರುತ್ತಾರೆ, ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ, ಜೀಪಿಗೆ ಹಾಕಿಕೊಂಡು ಹೋಗುತ್ತಾರೆ.

ಬೆಲೆ ಕುದುರುವ ತನಕ ಎಲ್ಲ ಸಲೀಸು. ಆಮೇಲೆ "ದುಡ್ಡು ಹೇಗೆ ಕೊಡಲಿ?" ಅಂದಾಗ ಮಾರುವವರು ತಡವರಿಸುತ್ತಾರೆ. ಕ್ಯಾಷ್ ಅಂದರೆ ಖೋಟಾ ನೋಟಿನ ಭಯ. ಫೋನ್‌ಪೇ ಅಂದರೆ ಮೋಸದ ಭಯ. ಚೆಕ್ ಅಂದರೆ ಬೌನ್ಸ್ ಆಗುವ ಭಯ. ಎಲ್ಲದರಲ್ಲೂ ಅಪಾಯ ಇದೆ, ನಿಜ. ಆದರೆ ಒಂದೊಂದರ ಅಪಾಯ ಒಂದೊಂದು ಥರ. ಐದು ಸಾವಿರದ ಮೊಬೈಲಿಗೆ ಸರಿಹೋಗುವ ದಾರಿ ಒಂದೂವರೆ ಲಕ್ಷದ ಬುಲೆಟ್‌ಗೆ ಸರಿಹೋಗುವುದಿಲ್ಲ.

ಯಾವುದನ್ನು ಇಟ್ಟುಕೊಂಡು ಅಳೆಯೋದು?

ನಾನು ನೋಡುವುದು ನಾಲ್ಕು ವಿಷಯ. ದುಡ್ಡು ನಿಜವಾಗಿ ಬಂತಾ ಅಂತ ಗಿರಾಕಿ ಎದುರಿಗಿರುವಾಗಲೇ ನಾನೇ ಖಾತ್ರಿ ಮಾಡಿಕೊಳ್ಳಬಹುದಾ? ಬಂದ ದುಡ್ಡು ಆಮೇಲೆ ವಾಪಸ್ ಹೋಗುವ, ಇಲ್ಲವೇ ಬ್ಯಾಂಕಿನಲ್ಲೇ ಸಿಕ್ಕಿಹಾಕಿಕೊಳ್ಳುವ ಸಂಭವ ಎಷ್ಟು? ಕಾನೂನಿನ ಮಿತಿ ಏನಾದರೂ ಅಡ್ಡ ಬರುತ್ತದಾ? ಕೊನೆಯದಾಗಿ, ನಮ್ಮೂರಿನ ನೆಟ್‌ವರ್ಕ್, ಕರೆಂಟು, ಬ್ಯಾಂಕಿನ ರಜೆ ಇದಕ್ಕೆಲ್ಲ ಅದು ಹೊಂದುತ್ತದಾ?

ಮೊದಲನೆಯದನ್ನು ಎಲ್ಲರೂ ಯೋಚಿಸುತ್ತಾರೆ. ಎರಡನೆಯದು ತುಂಬ ಜನರ ತಲೆಗೇ ಬರುವುದಿಲ್ಲ. ನಾನು ಜಾಸ್ತಿ ತೂಕ ಕೊಡುವುದು ಅದಕ್ಕೇ. ಚಾರ್ಮಾಡಿ ಘಾಟಿ ಇಳಿದು ಹೋದ ಸಾಮಾನು ವಾಪಸ್ ಬರುವುದಿಲ್ಲ. ಹಾಗಿರುವಾಗ ನಮಗೆ ಬಂದ ದುಡ್ಡೂ ವಾಪಸ್ ಹೋಗದ ಜಾತಿಯದೇ ಆಗಿರಬೇಕು ಅಲ್ವಾ?

ಕ್ಯಾಷ್

ವಾಪಸ್ ಹೋಗದ ದುಡ್ಡು ಅಂದರೆ ಇದೇ. ಎಣಿಸಿ ಜೇಬಿಗಿಟ್ಟರೆ ಮುಗಿಯಿತು. ನೆಟ್‌ವರ್ಕ್ ಬೇಡ, ಪಿನ್ ಬೇಡ. ಕೊಟ್ಟಿಗೆಹಾರದಲ್ಲಿ ಜುಲೈ ತಿಂಗಳ ಮಳೆಗೆ ಕರೆಂಟು ಹೋಗಿ, ಟವರ್ ಸತ್ತು, ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲದಿದ್ದರೂ ವ್ಯಾಪಾರ ನಡೆಯುತ್ತದೆ.

ಅಪಾಯ ಮೂರು ಕಡೆಯಿಂದ. ಖೋಟಾ ನೋಟು ಮೊದಲನೆಯದು. 500ರ ನೋಟನ್ನು ನೋಡಿ ಹೇಳುವುದು ಅಷ್ಟೇನೂ ಕಷ್ಟ ಅಲ್ಲ, ಆದರೆ ನೋಡಬೇಕು. ನೋಟನ್ನು ಓರೆ ಮಾಡಿ. ನಡುವಿನ ಹಸಿರು ದಾರ ನೀಲಿಗೆ ತಿರುಗಬೇಕು. ಬಲಗಡೆ ಕೆಳಗೆ ಇರುವ ₹500 ಅನ್ನುವ ಅಂಕಿಯೂ ಹಾಗೇ ಹಸಿರಿನಿಂದ ನೀಲಿಯಾಗಬೇಕು. ಎರಡೂ ಅಂಚಿನಲ್ಲಿ ಐದೈದು ಓರೆ ಗೆರೆಗಳಿವೆ, ಹೆಬ್ಬೆರಳು ಆಡಿಸಿದರೆ ಉಬ್ಬು ಸಿಗುತ್ತದೆ. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧಿ ಮುಖ, ಪಕ್ಕದಲ್ಲಿ 500 ಕಾಣಬೇಕು. ಬಣ್ಣದ ಪ್ರಿಂಟರಿನಲ್ಲಿ ಹೊಡೆದ ನೋಟಿನಲ್ಲಿ ದಾರದ ಬಣ್ಣ ತಿರುಗುವುದಿಲ್ಲ, ಅಂಚೂ ನುಣ್ಣಗಿರುತ್ತದೆ. ಅದಕ್ಕೇ ಮುಸ್ಸಂಜೆ ಹೊತ್ತಲ್ಲಿ, ಬೀದಿ ದೀಪದ ಕೆಳಗೆ ಕ್ಯಾಷ್ ತಗೊಳ್ಳಬಾರದು. ಕಟ್ಟು ಕೊಟ್ಟರೆ ಮೇಲೆ ಕೆಳಗೆ ನೋಡಿ ಬಿಡಬೇಡಿ. ರಬ್ಬರ್ ಬ್ಯಾಂಡ್ ಬಿಚ್ಚಿ ಒಂದೊಂದೇ ಎಣಿಸಿ. ಮಕ್ಕಳ ಆಟದ ನೋಟು ಸೇರಿಸಿದ್ದರೆ ಅದು ಇರುವುದು ನಡುವಿನಲ್ಲೇ.

ಖೋಟಾ ನೋಟು ತಗೊಂಡು ಬ್ಯಾಂಕಿಗೆ ಹೋದರೆ ಅವರು ಅದಕ್ಕೆ ಠಸ್ಸೆ ಒತ್ತಿ ಇಟ್ಟುಕೊಳ್ಳುತ್ತಾರೆ. ಬದಲಿ ನೋಟು ಕೊಡುವುದಿಲ್ಲ, ಒಂದು ಸ್ವೀಕೃತಿ ಚೀಟಿ ಕೊಡುತ್ತಾರೆ. ಒಂದೇ ಸಲ ಐದು ಅಥವಾ ಅದಕ್ಕಿಂತ ಜಾಸ್ತಿ ಖೋಟಾ ನೋಟು ಸಿಕ್ಕರೆ ಪೊಲೀಸ್ ದೂರು ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಆಗ "ಎಲ್ಲಿಂದ ಬಂತು?" ಅನ್ನುವುದಕ್ಕೆ ಉತ್ತರ ಹೇಳಬೇಕಾದವರು ನೀವು.

ಎರಡನೆಯದು ಕಾನೂನು. 2017ರ ಏಪ್ರಿಲ್ 1ರಿಂದ, ಒಬ್ಬರಿಂದ ಒಂದು ದಿನದಲ್ಲಿ ಅಥವಾ ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಷ್ ತಗೊಳ್ಳುವಂತಿಲ್ಲ. ದಂಡ ತಗೊಂಡಷ್ಟೇ ಮೊತ್ತ. ಅದೂ ಕೊಟ್ಟವರಿಗಲ್ಲ, ತಗೊಂಡವರಿಗೆ. "ಇವತ್ತು ಒಂದೂವರೆ, ನಾಳೆ ಒಂದೂವರೆ ಕೊಡ್ತೀನಿ ಬಿಡಿ" ಅನ್ನುವ ಜಾಣತನ ನಡೆಯುವುದಿಲ್ಲ, ವ್ಯಾಪಾರ ಒಂದೇ ಆದ್ದರಿಂದ. ನಿಮ್ಮ ಖಾತೆಗೆ ಅವರೇ ಹೋಗಿ ಕ್ಯಾಷ್ ಕಟ್ಟಿದರೂ ಲೆಕ್ಕ ಅದೇ. ಹಳೆ ಕಾರು, ಪವರ್ ಟಿಲ್ಲರ್ ಮಾರುವವರು ಇದನ್ನು ಮರೆತು ಚೀಟಿಯ ಮೇಲೆ "ನಗದು ಮೂರು ಲಕ್ಷ ಸಂದಿದೆ" ಅಂತ ಸಹಿ ಮಾಡಿಕೊಡುತ್ತಾರೆ. ತಮ್ಮ ಮೇಲೆ ತಾವೇ ಸಾಕ್ಷಿ ಬರೆದುಕೊಟ್ಟ ಹಾಗೆ.

ಮೂರನೆಯದು ಕಳ್ಳತನ. ದೂರದ ತೋಟದ ಮನೆಗೆ ಗುರುತಿಲ್ಲದ ನಾಲ್ಕು ಜನ ಬಂದು, ಎಂಬತ್ತು ಸಾವಿರ ಎಣಿಸಿ ಕೊಟ್ಟು ಹೋದರು ಅಂದರೆ, ಆ ರಾತ್ರಿ ಮನೆಯಲ್ಲಿ ಎಷ್ಟು ದುಡ್ಡಿದೆ ಅಂತ ನಾಲ್ಕು ಜನಕ್ಕೆ ಗೊತ್ತು.

ಇದೆಲ್ಲಕ್ಕೂ ಸೇರಿಸಿ ಒಂದು ಮದ್ದಿದೆ, ನನಗೆ ತುಂಬ ಹಿಡಿಸಿದ್ದು. ವ್ಯಾಪಾರವನ್ನು ನಿಮ್ಮ ಬ್ಯಾಂಕ್ ಶಾಖೆಯಲ್ಲೇ ಮುಗಿಸಿ. ಸಾಮಾನು ನೋಡಿ ಒಪ್ಪಿಗೆಯಾದ ಮೇಲೆ ಇಬ್ಬರೂ ಶಾಖೆಗೆ ಹೋಗಿ. ಅವರ ಕೈಯಿಂದ ಕ್ಯಾಷ್ ತಗೊಂಡು ನೇರ ಕೌಂಟರಿನಲ್ಲಿ ಕೊಡಿ. ಮಿಷನ್ ಎಣಿಸುತ್ತದೆ, ಕ್ಯಾಷಿಯರ್ ನೋಟು ನೋಡುತ್ತಾರೆ, ಏನಾದರೂ ಎಡವಟ್ಟಿದ್ದರೆ ಗಿರಾಕಿ ಪಕ್ಕದಲ್ಲೇ ನಿಂತಿರುತ್ತಾರೆ. ಚಲನ್ ಕೈಗೆ ಬಂದ ಮೇಲೆ ಕೀ ಕೊಡಿ. ದೊಡ್ಡ ಮೊತ್ತ ಕಟ್ಟುವಾಗ ಪ್ಯಾನ್ ಕೇಳುತ್ತಾರೆ, ಒಯ್ದಿರಿ. ಒಂದೇ ತೊಂದರೆ, ಬೆಂಗಳೂರಿನ ಗಿರಾಕಿಗಳು ಬರುವುದು ಶನಿವಾರ, ಭಾನುವಾರ. ಭಾನುವಾರ ಬ್ಯಾಂಕಿಲ್ಲ, ಎರಡನೇ ಮತ್ತು ನಾಲ್ಕನೇ ಶನಿವಾರವೂ ಇಲ್ಲ.

ಯುಪಿಐ

ಎಲ್ಲರ ಕೈಯಲ್ಲೂ ಇರುವುದು ಇದೇ, ಮೋಸ ಜಾಸ್ತಿ ನಡೆಯುವುದೂ ಇಲ್ಲೇ. ಆದರೆ ಯುಪಿಐ ದೂರಿ ಪ್ರಯೋಜನ ಇಲ್ಲ. ಬಹುಪಾಲು ಮೋಸದಲ್ಲಿ ಯುಪಿಐಯಿಂದ ದುಡ್ಡು ಬಂದೇ ಇರುವುದಿಲ್ಲ. ಬಂದ ಹಾಗೆ ತೋರಿಸಿರುತ್ತಾರೆ, ಅಷ್ಟೇ.

ನಮ್ಮ ಪರಿಚಯದ ಹುಡುಗನೊಬ್ಬ ಹನುಮಂತಪ್ಪ ಸರ್ಕಲ್ ಹತ್ತಿರದ ಬೇಕರಿಯೊಂದರಲ್ಲಿ ಕ್ಯಾಮೆರಾ ಮಾರಲು ಕೂತಿದ್ದ. ಗಿರಾಕಿ ಇವನ ಕ್ಯುಆರ್ ಸ್ಕ್ಯಾನ್ ಮಾಡಿದ. 38,000 ಒತ್ತಿದ. ಪಿನ್ ಹಾಕಿದ. ಹಸಿರು ಪರದೆ, ದೊಡ್ಡ ರೈಟ್ ಗುರುತು, ಟಿಂಗ್ ಅಂತ ಸದ್ದು, ಇವನ ಹೆಸರು, ಸಮಯ, ಕೆಳಗೆ ಉದ್ದದ ನಂಬರು. ಎಲ್ಲ ಸರಿಯಾಗಿಯೇ ಇತ್ತು. ಇವನ ಫೋನಿಗೆ ಮಾತ್ರ ಏನೂ ಬರಲಿಲ್ಲ. "ಸರ್ವರ್ ಬಿಜಿ ಇರಬೇಕು ಬ್ರೋ, ನನ್ನ ಅಕೌಂಟಲ್ಲಿ ಕಟ್ ಆಗಿದೆ ನೋಡಿ" ಅಂದ ಗಿರಾಕಿ, ಎಸ್ಸೆಮ್ಮೆಸ್ ಕೂಡ ತೋರಿಸಿದ. ಹುಡುಗ ಕ್ಯಾಮೆರಾ ಬ್ಯಾಗನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. "ಬರಲಿ ಬಿಡಿ ಅಣ್ಣ, ಇನ್ನೊಂದು ಟೀ ಕುಡಿಯೋಣ" ಅಂದ. ಟೀ ಬರುವಷ್ಟರಲ್ಲಿ ಗಿರಾಕಿ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದವನು ಹೋದ.

ಅದು ನಕಲಿ ಆ್ಯಪ್. ಪೇಮೆಂಟ್ ಆ್ಯಪಿನ ಪರದೆಯನ್ನೇ ಹೋಲುವ ಹಾಗೆ ಮಾಡಿರುತ್ತಾರೆ. ಹೆಸರು, ಮೊತ್ತ, ಸದ್ದು ಎಲ್ಲವೂ ಬರುತ್ತದೆ. ಹಾಗಾಗಿ ಗಿರಾಕಿಯ ಫೋನು ನೋಡುವುದೇ ಬೇಡ. ಸ್ಕ್ರೀನ್‌ಶಾಟ್ ಬೇಡ, ಅವರಿಗೆ ಬಂದ ಮೆಸೇಜ್ ಬೇಡ. ನಿಮಗೆ ಬಂದ ಎಸ್ಸೆಮ್ಮೆಸ್ಸನ್ನೂ ನಂಬಬೇಡಿ, ಯಾಕೆಂದರೆ ಹತ್ತಂಕಿಯ ಮೊಬೈಲ್ ನಂಬರಿನಿಂದ ಬ್ಯಾಂಕಿನ ಥರವೇ ಬರೆದು ಕಳಿಸುವವರಿದ್ದಾರೆ. ನಿಮ್ಮ ಆ್ಯಪ್ ತೆಗೆದು, ನಿಮ್ಮ ಪಿನ್ ಹಾಕಿ ಬ್ಯಾಲೆನ್ಸ್ ನೋಡಿ. ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು? ಇದಕ್ಕೋಸ್ಕರ ಗಿರಾಕಿ ಬರುವ ಮೊದಲೇ ಒಮ್ಮೆ ಬ್ಯಾಲೆನ್ಸ್ ನೋಡಿ ನೆನಪಿಟ್ಟುಕೊಳ್ಳಿ.

"ಕಟ್ ಆಗಿದೆ" ಅನ್ನುವುದು ಕೆಲವು ಸಲ ನಿಜವೂ ಇರುತ್ತದೆ. ಅವರ ಖಾತೆಯಿಂದ ಹೋಗಿ ನಿಮಗೆ ಬಾರದೆ ನಡುವೆ ನಿಂತಿರುತ್ತದೆ. ಆಲ್ದೂರು, ಕಳಸದ ಕಡೆ ನೆಟ್‌ವರ್ಕ್ ಹೋಗಿ ಬಂದು ಮಾಡುವಾಗ ಇದು ಮಾಮೂಲು. ಆದರೆ ಹಾಗೆ ನಿಂತ ದುಡ್ಡು ನಿಮಗೇ ಬರಬೇಕು ಅಂತೇನಿಲ್ಲ. ನಿಮ್ಮ ಖಾತೆಗೆ ಸೇರದಿದ್ದರೆ ತಡ ಅಂದರೂ ಮರುದಿನದೊಳಗೆ ಕಳಿಸಿದವರಿಗೆ ವಾಪಸ್ ಆಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ 2019ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಗಿರಾಕಿ ಪ್ರಾಮಾಣಿಕರೇ ಆಗಿದ್ದರೂ ಸಾಮಾನು ಅವರ ಕೈಯಲ್ಲಿ, ದುಡ್ಡೂ ವಾಪಸ್ ಅವರ ಖಾತೆಯಲ್ಲಿ. ಆಮೇಲೆ ಫೋನ್ ಮಾಡಿ ಕೇಳುವುದು ನಿಮ್ಮ ಪಾಡು.

ಇನ್ನೊಂದು ಹಳೆ ಆಟ ಇನ್ನೂ ನಡೆಯುತ್ತಿದೆ. "ಸಾರ್, ನಾನು ಆರ್ಮಿಲಿದ್ದೀನಿ, ನಮ್ಮ ಹುಡುಗ ಬಂದು ಸಾಮಾನು ತಗೊಂಡು ಹೋಗ್ತಾನೆ, ದುಡ್ಡು ಈಗಲೇ ಹಾಕ್ತೀನಿ" ಅನ್ನುತ್ತಾರೆ. ಸಮವಸ್ತ್ರದ ಫೋಟೊ, ಐಡಿ ಕಾರ್ಡು ಕಳಿಸುತ್ತಾರೆ. ಆಮೇಲೆ ಒಂದು ಕ್ಯುಆರ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಬರುತ್ತದೆ ಅನ್ನುತ್ತಾರೆ. ದುಡ್ಡು ತಗೊಳ್ಳುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಸ್ಕ್ಯಾನ್ ಮಾಡುವವರು ಕೊಡುವವರು. ವ್ಯಕ್ತಿಯಿಂದ ವ್ಯಕ್ತಿಗೆ "ದುಡ್ಡು ಕಳಿಸಿ" ಅಂತ ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ, ಆ ಬಾಗಿಲು ಮುಚ್ಚಿತು. ಕ್ಯುಆರ್ ಬಾಗಿಲು ಇನ್ನೂ ತೆರೆದೇ ಇದೆ. "ಐದು ಸಾವಿರದ ಬದಲು ಐವತ್ತು ಸಾವಿರ ಹಾಕಿಬಿಟ್ಟೆ, ಉಳಿದಿದ್ದು ವಾಪಸ್ ಹಾಕಿ" ಅನ್ನುವುದೂ ಇದೇ ಸಂಸಾರಕ್ಕೆ ಸೇರಿದ್ದು. ಬ್ಯಾಲೆನ್ಸ್ ನೋಡಿದರೆ ಐದೂ ಬಂದಿರುವುದಿಲ್ಲ, ಐವತ್ತೂ ಬಂದಿರುವುದಿಲ್ಲ.

ಮಿತಿಯ ವಿಷಯಕ್ಕೆ ಬಂದರೆ, ವ್ಯಕ್ತಿಯಿಂದ ವ್ಯಕ್ತಿಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ. ಕೆಲವು ಬ್ಯಾಂಕುಗಳಲ್ಲಿ ಇನ್ನೂ ಕಡಿಮೆ. ಯುಪಿಐ ಹೊಸದಾಗಿ ಶುರು ಮಾಡಿದವರಿಗೆ ಮೊದಲ 24 ಗಂಟೆ 5,000 ಮಾತ್ರ. ಹಾಗಾಗಿ "ಲಿಮಿಟ್ ಮುಗಿದಿದೆ" ಅಂದವರೆಲ್ಲ ಮೋಸಗಾರರಲ್ಲ. ಆದರೆ "ಲಿಮಿಟ್ ಮುಗಿದಿದೆ, ನನ್ನ ಫ್ರೆಂಡ್ ಹಾಕ್ತಾನೆ" ಅಂದರೆ ನಾನು ಒಪ್ಪುವುದಿಲ್ಲ. ಇದಕ್ಕೆ ಕಾರಣ ಇದೆ.

ಬಂದ ದುಡ್ಡೂ ಸಿಕ್ಕಿಹಾಕಿಕೊಳ್ಳುವುದು ಹೇಗೆ?

ಗಿರಾಕಿ ಎದುರಿಗಿದ್ದಾನೆ. ನಿಮ್ಮ ಬ್ಯಾಲೆನ್ಸಿನಲ್ಲಿ 60,000 ನಿಜವಾಗಿಯೂ ಬಂದಿದೆ. ಫೋನು ಕೊಟ್ಟಿರಿ, ಹೋದ. ಹತ್ತು ದಿನದ ಮೇಲೆ ಎಟಿಎಂನಲ್ಲಿ ದುಡ್ಡು ಬರುವುದಿಲ್ಲ. ಬ್ಯಾಂಕಿಗೆ ಹೋದರೆ, ಬೇರೆ ರಾಜ್ಯದ ಸೈಬರ್ ಪೊಲೀಸರ ಕೋರಿಕೆ ಬಂದಿದೆ, ಮೊತ್ತ ತಡೆಹಿಡಿದಿದ್ದೇವೆ ಅನ್ನುತ್ತಾರೆ. ಕೆಲವೊಮ್ಮೆ ಇಡೀ ಖಾತೆಯನ್ನೇ.

ಆಗಿರುವುದು ಇಷ್ಟು. ಎಲ್ಲೋ ಒಬ್ಬರಿಗೆ ಟೋಪಿ ಹಾಕಿದ ವಂಚಕ, ಅವರಿಂದ ದುಡ್ಡನ್ನು ನೇರ ನಿಮ್ಮ ಖಾತೆಗೇ ಹಾಕಿಸಿದ. ಅವನ ಕೈಗೆ ಸಿಕ್ಕಿದ್ದು ನಿಮ್ಮ ಫೋನು, ಅದನ್ನು ಮಾರಿ ಕ್ಯಾಷ್ ಮಾಡಿಕೊಂಡ. ಮೋಸಹೋದವರು ದೂರು ಕೊಟ್ಟಾಗ ದುಡ್ಡಿನ ಜಾಡು ಬಂದು ನಿಲ್ಲುವುದು ನಿಮ್ಮ ಹೆಸರಿನ ಹತ್ತಿರ. ನಿಮ್ಮದೇನೂ ತಪ್ಪಿಲ್ಲ. ಆದರೆ ಅದನ್ನು ತೋರಿಸುವ ಕೆಲಸ ನಿಮ್ಮದು, ಅಷ್ಟು ದಿನ ದುಡ್ಡು ಅಲ್ಲೇ.

ಯುಪಿಐ ಇರಲಿ, ಬ್ಯಾಂಕಿನಿಂದ ಬ್ಯಾಂಕಿಗೆ ಕೂಡಲೇ ಹೋಗುವ ಐಎಂಪಿಎಸ್ ಇರಲಿ, ಖಾತೆಗೆ ಬರುವ ಎಲ್ಲ ದುಡ್ಡಿಗೂ ಈ ಅಪಾಯ ಇದೆ. ಕ್ಯಾಷಿಗೆ ಇಲ್ಲ. ಇದನ್ನು ಕಡಿಮೆ ಮಾಡುವ ದಾರಿ, ದುಡ್ಡು ಹಾಕಿದವರ ಹೆಸರು ಮತ್ತು ಎದುರಿಗೆ ನಿಂತವರ ಹೆಸರು ಒಂದೇ ಇದೆಯಾ ನೋಡುವುದು. ನಿಮ್ಮ ಆ್ಯಪಿನಲ್ಲಿ ಕಳಿಸಿದವರ ಹೆಸರು ಕಾಣುತ್ತದೆ. "ಡಿಎಲ್ ಒಮ್ಮೆ ತೋರಿಸ್ತೀರಾ?" ಅಂತ ಕೇಳಿ. ಬೇರೆ ಹೆಸರಾದರೆ ಆ ದುಡ್ಡು ಮುಟ್ಟಬೇಡಿ, ಸಾಮಾನೂ ಕೊಡಬೇಡಿ. ಹೆಂಡತಿ ಖಾತೆ, ಅಣ್ಣನ ಖಾತೆ ಅನ್ನುವುದು ನಿಜ ಇರಬಹುದು. ಹಾಗಿದ್ದರೆ ಆ ಹೆಂಡತಿಯ ಹತ್ತಿರ ಫೋನಿನಲ್ಲಿ ಮಾತಾಡಿ, ರಸೀದಿಯಲ್ಲಿ ಇಬ್ಬರ ಹೆಸರೂ ಬರೆಯಿರಿ. ಸಂಬಳ ಬರುವ ಖಾತೆಗೆ ಇಂಥ ದುಡ್ಡು ಹಾಕಿಸಿಕೊಳ್ಳಬೇಡಿ. ಇನ್ನೊಂದು ಉಳಿತಾಯ ಖಾತೆ ಇದ್ದರೆ ಅದಕ್ಕೆ ಹಾಕಿಸಿ. ಏನಾದರೂ ಆದರೂ ಮನೆ ಖರ್ಚು ನಿಲ್ಲುವುದಿಲ್ಲ.

ಬ್ಯಾಂಕಿನಿಂದ ಬ್ಯಾಂಕಿಗೆ

ಲಕ್ಷ ದಾಟಿತು ಅಂದರೆ ಇದೇ ಗತಿ, ಒಳ್ಳೆಯದೂ ಇದೇ. ಮೂರು ಹೆಸರು ಕೇಳಿರುತ್ತೀರಿ. ಐಎಂಪಿಎಸ್ ಕೂಡಲೇ ಬರುತ್ತದೆ, ಹಗಲು ರಾತ್ರಿ ನಡೆಯುತ್ತದೆ, 5 ಲಕ್ಷದವರೆಗೆ. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ. 2019ರ ಡಿಸೆಂಬರ್‌ನಿಂದ ಅದೂ ರಜೆಯಿಲ್ಲದೆ ನಡೆಯುತ್ತಿದೆ. ಆರ್‌ಟಿಜಿಎಸ್ 2 ಲಕ್ಷದಿಂದ ಮೇಲಿನ ಮೊತ್ತಕ್ಕೆ, 2020ರ ಡಿಸೆಂಬರ್‌ನಿಂದ ದಿನದ 24 ಗಂಟೆ.

ಮಾರುವವರಿಗೆ ಬೇಕಾದದ್ದು ಐಎಂಪಿಎಸ್ ಇಲ್ಲವೇ ಆರ್‌ಟಿಜಿಎಸ್. ನೆಫ್ಟ್ ಕೆಟ್ಟದ್ದಲ್ಲ, ಆದರೆ ಗಿರಾಕಿ ಗಾಡಿ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿರುವಾಗ ಒಂದು ಗಂಟೆ ಅನ್ನುವುದು ಉದ್ದ. "ನೆಫ್ಟ್ ಮಾಡಿದ್ದೀನಿ, ಸ್ವಲ್ಪ ಹೊತ್ತಲ್ಲಿ ಬರುತ್ತೆ, ನಾವು ಹೊರಡ್ತೀವಿ, ಘಾಟಿಯಲ್ಲಿ ಮಂಜು ಬೀಳುತ್ತೆ" ಅನ್ನುವ ಒತ್ತಡಕ್ಕೆ ಮಣಿಯಬೇಡಿ. ಕಾಫಿ ಕೊಡಿ, ಕೂರಿಸಿ.

ಇಲ್ಲಿ ಮುಂಚೆಯೇ ಮಾಡಬೇಕಾದ ಕೆಲಸ ಒಂದಿದೆ. ಹಲವು ಬ್ಯಾಂಕುಗಳು ಹೊಸ ಖಾತೆಯನ್ನು ಸೇರಿಸಿದ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಬಿಡುವುದಿಲ್ಲ. ಹಾಗಾಗಿ ಗಿರಾಕಿ ಬರುವ ಹಿಂದಿನ ದಿನವೇ ನಿಮ್ಮ ಖಾತೆ ನಂಬರು, ಐಎಫ್‌ಎಸ್‌ಸಿ (ಶಾಖೆಯ ಕೋಡ್) ಕಳಿಸಿ ಸೇರಿಸಿಕೊಳ್ಳಲು ಹೇಳಿ. ಖಾತೆ ನಂಬರು ಕೊಟ್ಟರೆ ದುಡ್ಡು ಹೋಗುತ್ತದೆ ಅನ್ನುವ ಭಯ ಬೇಡ, ಓಟಿಪಿ, ಪಿನ್ ಕೊಡದಿದ್ದರೆ ಸಾಕು. ಬಂದ ದಿನ ಮೊದಲು ನೂರು ರೂಪಾಯಿ ಹಾಕಿಸಿ. ನಿಮಗೆ ಬಂತು, ಹೆಸರು ಸರಿ ಇದೆ ಅಂತಾದರೆ ಉಳಿದದ್ದು.

ಚೆಕ್, ಡಿಡಿ

ಚೆಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗುರುತಿಲ್ಲದವರಿಂದ ಬೇಡ. 2025ರ ಅಕ್ಟೋಬರ್ 4ರಿಂದ ಚೆಕ್ ಕ್ಲಿಯರಿಂಗ್ ಬೇಗ ಆಗುತ್ತಿದೆ ನಿಜ, ಆದರೂ ಅದು ಆಗುವ ತನಕ ಅದು ಬರೀ ಕಾಗದ. ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಇದೆ, 30 ದಿನದೊಳಗೆ ನೋಟಿಸ್ ಕೊಡಬೇಕು, ಚೆಕ್ ಕೊಟ್ಟವರಿಗೆ ಎರಡು ವರ್ಷದವರೆಗೆ ಶಿಕ್ಷೆಯೂ ಆಗಬಹುದು. ಆದರೆ ಒಂದು ಪಲ್ಪರಿನ ದುಡ್ಡಿಗೆ ವರ್ಷಗಟ್ಟಲೆ ಕೋರ್ಟು ಅಲೆಯುವುದು ಯಾರಿಗೆ ಬೇಕು? ತೆಗೆದುಕೊಳ್ಳಲೇಬೇಕಾದರೆ ಚೆಕ್ ಮೊದಲು, ಸಾಮಾನು ದುಡ್ಡು ಜಮಾ ಆದ ಮೇಲೆ.

ಡಿಡಿ, ಅಂದರೆ ಡಿಮ್ಯಾಂಡ್ ಡ್ರಾಫ್ಟ್, ಬೌನ್ಸ್ ಆಗುವುದಿಲ್ಲ ಅಂತ ಹಿರಿಯರು ಈಗಲೂ ಅದನ್ನು ನಂಬುತ್ತಾರೆ. ಅಸಲಿ ಡಿಡಿ ಆದರೆ ನಂಬಬಹುದು. ನಕಲಿ ಡಿಡಿ ಮುದ್ರಿಸುವವರೂ ಇದ್ದಾರೆ, ಅದೇ ಕಷ್ಟ. ಗಿರಾಕಿಯ ಜೊತೆ ಅವರ ಬ್ಯಾಂಕಿಗೆ ಹೋಗಿ, ಕೌಂಟರಿನಿಂದ ಕೈಗೆ ಬರುವುದನ್ನು ನೋಡಿದರೆ ಮಾತ್ರ ನಾನು ಒಪ್ಪುತ್ತೇನೆ. ಅಷ್ಟು ದೂರ ಹೋದ ಮೇಲೆ ಅಲ್ಲೇ ಆರ್‌ಟಿಜಿಎಸ್ ಮಾಡಿಸಬಹುದಲ್ಲ.

ಅಡ್ವಾನ್ಸ್, ಕಂತು, ಅಂಗಡಿ

ಟೋಕನ್ ಅಡ್ವಾನ್ಸ್ ನನಗೆ ಇಷ್ಟ. ಐನೂರೋ ಸಾವಿರವೋ ಯುಪಿಐ ಮಾಡಿಸಿ. "ಭಾನುವಾರ ಬರ್ತೀನಿ, ಬೇರೆಯವರಿಗೆ ಕೊಡಬೇಡಿ" ಅಂದು ಕೈಕೊಡುವವರು ಕಡಿಮೆಯಾಗುತ್ತಾರೆ. ಅದಕ್ಕಿಂತ ದೊಡ್ಡ ಲಾಭ, ದುಡ್ಡು ಹಾಕುವವರ ಹೆಸರು ಮೊದಲೇ ಗೊತ್ತಾಗುತ್ತದೆ. ಬಾಕಿ ಅದೇ ಹೆಸರಿನಿಂದ ಬರಬೇಕು. ಆದರೆ ಜಾಸ್ತಿ ಕೇಳಬೇಡಿ. ಗಿರಾಕಿಗೂ ಭಯ ಇರುತ್ತದೆ, ಕಾಣದ ಸಾಮಾನಿಗೆ ಹತ್ತು ಸಾವಿರ ಯಾರು ಹಾಕುತ್ತಾರೆ?

ಅರ್ಧ ಈಗ, ಅರ್ಧ ಮುಂದಿನ ತಿಂಗಳು ಅನ್ನುವ ಕಂತಿನ ಮಾತು ನೆಂಟರಿಷ್ಟರಲ್ಲಿ ಸರಿ. ಆನ್‌ಲೈನಿನಲ್ಲಿ ಸಿಕ್ಕವರಿಗೆ ಬೇಡ.

ಇಷ್ಟೆಲ್ಲ ತಲೆನೋವು ಯಾಕೆ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಹಾಸನದ ಬಿಎಂ ರೋಡಿನಲ್ಲೋ ಚಿಕ್ಕಮಗಳೂರಿನ ಐಜಿ ರೋಡಿನಲ್ಲೋ ನಿಮಗೆ ಗುರುತಿರುವ ಅಂಗಡಿಯವರಿಗೆ ಕೊಟ್ಟುಬಿಡುವುದು. ಬೆಲೆ ಕಡಿಮೆ ಕೊಡುತ್ತಾರೆ, ಅವರಿಗೂ ಲಾಭ ಬೇಕಲ್ಲ. ಆದರೆ ನಾಳೆಯೂ ಆ ಅಂಗಡಿ ಅಲ್ಲೇ ಇರುತ್ತದೆ. ಒಬ್ಬರೇ ಇರುವ ವಯಸ್ಸಾದವರಿಗೆ, ಫೋನಿನ ಬ್ಯಾಲೆನ್ಸ್ ನೋಡಿಕೊಳ್ಳಲು ಬಾರದವರಿಗೆ ನಾನು ಹೇಳುವುದು ಇದನ್ನೇ. ಕಳೆದುಕೊಂಡ ಆ ಎರಡು ಮೂರು ಸಾವಿರ ನೆಮ್ಮದಿಗೆ ಕೊಟ್ಟ ಬೆಲೆ.

ಹಾಗಾದರೆ ಯಾರಿಗೆ ಯಾವುದು?

ಹತ್ತು ಸಾವಿರದೊಳಗಿನ ಸಾಮಾನಿಗೆ ಕ್ಯಾಷ್ ಅಥವಾ ಯುಪಿಐ, ಯಾವುದಾದರೂ ಸರಿ. ಇಪ್ಪತ್ತು ನೋಟು ಎಣಿಸಿ ನೋಡುವುದು ಎರಡು ನಿಮಿಷದ ಕೆಲಸ.

ಹತ್ತು ಸಾವಿರದಿಂದ ಲಕ್ಷದವರೆಗೆ, ಪೇಟೆಯಲ್ಲಿ ಇರುವವರಿಗೆ ಯುಪಿಐ, ಹೆಸರು ಹೊಂದಿದರೆ. ಹೆಸರು ಹೊಂದದಿದ್ದರೆ, ಅಥವಾ ಗಿರಾಕಿ ಡಿಎಲ್ ತೋರಿಸಲು ಹಿಂದೆಮುಂದೆ ನೋಡಿದರೆ, ಬ್ಯಾಂಕ್ ಕೌಂಟರಿನಲ್ಲಿ ಕ್ಯಾಷ್. ಮೊಬೈಲು, ಲ್ಯಾಪ್‌ಟಾಪ್, ಕ್ಯಾಮೆರಾಗಳಲ್ಲಿ ನಾನು ಇನ್ನೂ ಬಿಗಿ. ಕೈಯಿಂದ ಕೈಗೆ ಬೇಗ ಮಾರಿಹೋಗುವ ಸಾಮಾನನ್ನೇ ವಂಚಕರು ಹುಡುಕುತ್ತಾರೆ. ಫೋನಿನಲ್ಲಿ ನಿಮ್ಮ ಗೂಗಲ್ ಅಥವಾ ಆ್ಯಪಲ್ ಖಾತೆಯನ್ನು ದುಡ್ಡು ಬಂದ ಮೇಲೇ ತೆಗೆಯಿರಿ. ಅಲ್ಲಿಯ ತನಕ ಕಿತ್ತುಕೊಂಡು ಓಡಿದರೂ ಅವರಿಗೆ ಅದು ದಕ್ಕುವುದಿಲ್ಲ. ಪಲ್ಪರ್, ಡೀಸೆಲ್ ಎಂಜಿನ್ ಥರದ ಭಾರದ ಸಾಮಾನು ಒಯ್ಯುವವರು ಸಾಮಾನ್ಯವಾಗಿ ಬೆಳೆಗಾರರೇ, ಯಾವ ಊರು ಯಾವ ತೋಟ ಅಂತ ವಿಚಾರಿಸಿದರೆ ನಾಲ್ಕು ಮಾತಿನಲ್ಲಿ ಗುರುತು ಸಿಕ್ಕಿಬಿಡುತ್ತದೆ.

ತೋಟದ ಮನೆಯಲ್ಲಿ ನೆಟ್‌ವರ್ಕ್ ಇಲ್ಲದವರು ಸಾಮಾನನ್ನು ಮನೆಯಲ್ಲಿ ತೋರಿಸಿ, ದುಡ್ಡಿನ ವ್ಯವಹಾರ ಪೇಟೆಯಲ್ಲಿ ಮಾಡಿ. ಮೂಡಿಗೆರೆಯೋ ಸಕಲೇಶಪುರವೋ, ಎಲ್ಲಿ ಬ್ಯಾಂಕು ಹತ್ತಿರವೋ ಅಲ್ಲಿ. ಗಿರಾಕಿಯ ವೈಫೈ, ಗಿರಾಕಿಯ ಹಾಟ್‌ಸ್ಪಾಟ್ ಬೇಡ.

ಲಕ್ಷದಿಂದ 2 ಲಕ್ಷದೊಳಗೆ ಐಎಂಪಿಎಸ್ ಮೊದಲು, ಕೌಂಟರಿನಲ್ಲಿ ಕ್ಯಾಷ್ ಆಮೇಲೆ. 2 ಲಕ್ಷ ಮತ್ತು ಅದಕ್ಕಿಂತ ಮೇಲೆ ಕ್ಯಾಷಿನ ಮಾತೇ ಇಲ್ಲ, ಐಎಂಪಿಎಸ್ ಇಲ್ಲವೇ ಆರ್‌ಟಿಜಿಎಸ್.

ಗಾಡಿಯಾದರೆ ದುಡ್ಡಿನ ಜೊತೆ ಕಾಗದವನ್ನೂ ಸೇರಿಸಿ ನೋಡಬೇಕು. ಹಾಸನದ ಕೆಎ-13 ಇರಲಿ, ಚಿಕ್ಕಮಗಳೂರಿನ ಕೆಎ-18 ಇರಲಿ, ಪೂರ್ತಿ ದುಡ್ಡು ಬರುವ ಮೊದಲು ಗಾಡಿಯ ಹೆಸರು ಬದಲಿಸುವ 29, 30ನೇ ನಮೂನೆಗೆ ಸಹಿ ಹಾಕಿ ಕೊಡಬೇಡಿ. ದುಡ್ಡು ಬಂದ ಮೇಲೆ ಹಾಗೇ ಬಿಡಲೂ ಬೇಡಿ, 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕೆಲಸ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರವೂ ಅವರ ತಲೆಗೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ಹೆಸರು ಬದಲಾದ ಮೇಲೆ ಉಳಿದ ಹತ್ತು ಸಾವಿರ ಕೊಡ್ತೀನಿ" ಅನ್ನುವ ಗಿರಾಕಿಗೂ ಅವರ ನ್ಯಾಯ ಇದೆ. ಹಾಗಿದ್ದರೆ ಅಷ್ಟನ್ನೇ ಬಾಕಿ ಇಡಿ, ರಸೀದಿಯಲ್ಲಿ ಬರೆಯಿರಿ.

ರಸೀದಿ ಅಂದೆ. ದೊಡ್ಡದೇನೂ ಬೇಡ, ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಯಾವ ಸಾಮಾನು, ಅದರ ಸೀರಿಯಲ್ ನಂಬರು ಅಥವಾ ಫೋನಾದರೆ ಅದರ ಗುರುತಿನ ಐಎಂಇಐ ನಂಬರು, ಎಷ್ಟಕ್ಕೆ, ಯಾವ ದಾರಿಯಲ್ಲಿ ದುಡ್ಡು ಬಂತು, ಆ ಪಾವತಿಯ ಗುರುತಿನ ಯುಟಿಆರ್ ನಂಬರು, ತಾರೀಕು, ಹೊತ್ತು, ಇಬ್ಬರ ಹೆಸರು, ಸಹಿ. ಎರಡು ಪ್ರತಿ. ಜೊತೆಗೆ ಜಾಹೀರಾತಿನ ಫೋಟೊ, ಮಾತಾಡಿದ ಚಾಟ್ ಅಳಿಸದೆ ಇಡಿ.

ಎಡವಟ್ಟಾದರೆ

ಮೋಸಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೆಳಿಗ್ಗೆ ಮಾಡಿದರಾಯಿತು ಅಂತ ಕಾಯಬೇಡಿ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆದರಷ್ಟೇ ಉಳಿಯುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ನಕಲಿ ಪರದೆ ತೋರಿಸಿ ಸಾಮಾನು ಒಯ್ದಿದ್ದರೆ ಗಾಡಿ ನಂಬರು, ಹತ್ತಿರದ ಅಂಗಡಿಯ ಸಿಸಿಟಿವಿ ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾ ಇರುವ ಕಡೆ ವ್ಯಾಪಾರ ಮಾಡಿ ಅನ್ನುವುದು ಇದಕ್ಕೇ.

ಖಾತೆ ತಡೆಹಿಡಿದಿದ್ದರೆ ಗಾಬರಿಯಾಗಿ ಯಾರೋ ಫೋನಿನಲ್ಲಿ "ಬಿಡಿಸಿಕೊಡ್ತೀವಿ" ಅಂದವರಿಗೆ ದುಡ್ಡು ಕೊಡಬೇಡಿ, ಅದು ಎರಡನೇ ಮೋಸ. ಬ್ಯಾಂಕಿನಿಂದ ಯಾವ ಠಾಣೆ, ಯಾವ ದೂರಿನ ನಂಬರು, ಎಷ್ಟು ಮೊತ್ತ ಅನ್ನುವುದನ್ನು ಬರಹದಲ್ಲಿ ತಗೊಳ್ಳಿ. ಆಮೇಲೆ ಆ ಠಾಣೆಗೆ ರಸೀದಿ, ಚಾಟ್, ಜಾಹೀರಾತು, ಸಾಮಾನು ನಿಮ್ಮದೇ ಅನ್ನುವ ಹಳೆ ಬಿಲ್ಲು ಎಲ್ಲ ಸೇರಿಸಿ ಅರ್ಜಿ ಕಳಿಸಿ. ವಿವಾದದ ಮೊತ್ತ ಬಿಟ್ಟು ಉಳಿದ ದುಡ್ಡನ್ನಾದರೂ ಬಳಸಲು ಬಿಡಿ ಅಂತ ಅದರಲ್ಲೇ ಕೇಳಿ, ಅರ್ಜಿಯ ಪ್ರತಿಯೊಂದನ್ನು ಬ್ಯಾಂಕಿಗೂ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.